ಉಡಿ ತುಂಬಿದ ಮೇಲೆ

ನನ್ನ ಕೆಲಸ ಏನು ಎಂದು ಕೇಳಿದವರಿಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಸರಿಯಾಗಿ ಹೇಳಲು ಬಂದಿಲ್ಲ. ನೇಮಕಾತಿ ಆದೇಶದಲ್ಲಿ ‘ಚಟುವಟಿಕೆ ಸಂಯೋಜಕಿ’ ಎಂದಿದೆ. ನನ್ನ ತಂಗಿ ಅದನ್ನು ‘ಹುಚ್ಚರಿಗೆ ಆಟ ಆಡಿಸೋ ಕೆಲಸ’ ಅನ್ನುತ್ತಾಳೆ. ಅವಳ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ. ಹರಿಹರದ ಹೊರಗೆ, ಹೊಳೆಯ ಕಡೆ ಇಳಿಯುವ ರಸ್ತೆಯಲ್ಲಿ ನಮ್ಮ ಕೇಂದ್ರ ಇದೆ. ಮನಸ್ಸಿನ ಕಾಯಿಲೆಯವರು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಅಲ್ಲೇ ಇದ್ದು ಚಿಕಿತ್ಸೆ ಪಡೆಯುತ್ತಾರೆ. ಡಾಕ್ಟರು ಮಾತ್ರೆ ಬರೆಯುತ್ತಾರೆ, ನರ್ಸು ನುಂಗಿಸುತ್ತಾರೆ. ಮಾತ್ರೆ ನುಂಗಿದ ಮೇಲೂ ಹಗಲು ಅನ್ನುವುದು ಬೆಟ್ಟದಷ್ಟು ಉಳಿದಿರುತ್ತದಲ್ಲ, ಅದನ್ನು ಕಳೆಸುವುದು ನನ್ನ ಪಾಲು. ಬೆಳಿಗ್ಗೆ ವ್ಯಾಯಾಮ, ಆಮೇಲೆ ಹೂ ಕಟ್ಟುವುದು, ಕಾಗದದ ಚೀಲ, ಕೈತೋಟ, ಮಧ್ಯಾಹ್ನ ಚೌಕಾಬಾರ, ಸಂಜೆ ಭಜನೆ. ಶನಿವಾರ ಎಲ್ಲರೂ ಕೂತು ಖಾರ ಮಂಡಕ್ಕಿ ಕಲೆಸುತ್ತೇವೆ. ಅವರ ಕೈಗೆ ಚಾಕು ಕೊಡುವಂತಿಲ್ಲ ಎಂದು ಈರುಳ್ಳಿಯನ್ನು ನಾನೇ ಮನೆಯಲ್ಲಿ ಹೆಚ್ಚಿ ಡಬ್ಬಿ ತುಂಬಿ ಒಯ್ಯುತ್ತೇನೆ. ದಾವಣಗೆರೆಯಿಂದ ಹರಿಹರದವರೆಗೂ ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಾರೆ. ಮುಚ್ಚಿಕೊಳ್ಳಲಿ, ನನಗೇನು.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅನ್ನಪೂರ್ಣಮ್ಮ ಎಂಬ ಹೆಸರು ಇಟ್ಟವರಿಗೆ ಅದು ಗೊತ್ತಿರಲಿಲ್ಲ. ಉಡಿ ತುಂಬುವ ಪದ್ಧತಿಯನ್ನು ಕೇಂದ್ರದಲ್ಲಿ ಶುರು ಮಾಡಿದ್ದೂ ಸಿಟ್ಟಿನಲ್ಲೇ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹೆಣ್ಣುಮಗಳು ಗುಣವಾಗಿ ಮನೆಗೆ ಹೊರಟಳು. ಕೈಯಲ್ಲಿ ಮಾತ್ರೆಯ ಪ್ಲಾಸ್ಟಿಕ್ ಚೀಲ. ಗೇಟು ತೆಗೆದರು, ಹೋದಳು, ಗೇಟು ಹಾಕಿದರು. ‘ಹೋಗಿ ಬಾ’ ಎಂದು ಒಬ್ಬರೂ ಅನ್ನಲಿಲ್ಲ. ಆಸ್ಪತ್ರೆಯಿಂದ ಹೊರಡುವವರಿಗೆ ಹಾಗೆ ಅನ್ನಬಾರದಂತೆ, ಅಂದರೆ ಮತ್ತೆ ಬರುತ್ತಾರಂತೆ! ನನ್ನ ಮೈ ಉರಿದುಹೋಯಿತು. ಜೈಲಿನಿಂದ ಬಿಟ್ಟ ಹಾಗೆ ಬಿಡುತ್ತೀರಲ್ಲ, ಅವಳೇನು ಕಳ್ಳತನ ಮಾಡಿದ್ದಳೇ ಎಂದು ಕೂಗಾಡಿದೆ. ಮುಂದೆ ಹೊರಟವಳನ್ನು ಮಣೆ ಹಾಕಿ ಕೂರಿಸಿದೆ. ಅರಿಶಿನ ಕುಂಕುಮ ಹಚ್ಚಿ, ಸೆರಗು ಒಡ್ಡಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಪ್ಪಸದ ಕಣ ಹಾಕಿ ಉಡಿ ತುಂಬಿದೆ. ನಮ್ಮ ಕಡೆ ಮಗಳನ್ನು ತವರಿನಿಂದ ಗಂಡನ ಮನೆಗೆ ಕಳಿಸುವಾಗ ತಾಯಿ ಏನು ಮಾಡುತ್ತಾಳೋ, ಅದನ್ನೇ. ‘ಹೋಗಿ ಬಾರವ್ವ’ ಎಂದು ಗಟ್ಟಿಯಾಗಿ, ಗೇಟಿನವನಿಗೂ ಕೇಳುವಂತೆ ಅಂದೆ. ಗಂಡ ಸತ್ತವರಿಗೆ ಉಡಿ ತುಂಬಬಾರದು ಎಂದು ಯಾರೋ ಕೊಂಕು ತೆಗೆದರು. ಅವರಿಗೂ ತುಂಬಿದೆ. ಗಂಡಸರಿಗೆ ಟವೆಲು ಹೊದಿಸಿದೆ. ವರ್ಷ ಕಳೆದಂತೆ ಅದೇ ವಾಡಿಕೆಯಾಯಿತು. ಉಡಿ ತುಂಬುವಾಗ ಆಯಾ ಇಮಾಂಬೀ ಮುಂದೆ ನಿಂತು ಕುಂಕುಮದ ಬಟ್ಟಲು ಹಿಡಿಯುತ್ತಿದ್ದಳು, ಉಳಿದವರು ಸೋಬಾನೆ ಹೇಳುತ್ತಿದ್ದರು. ಎಂಥ ಒಳ್ಳೆಯ ಕೆಲಸ ಮಾಡಿದೆ ಎಂದು ನಾನು ಬೀಗುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಹೀಗೆ ಉಡಿ ತುಂಬಿಸಿಕೊಂಡು ಹೋದವರಲ್ಲಿ ದುರುಗವ್ವನೂ ಒಬ್ಬಳು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದವಳು. ಗಂಡ ಗಿಡ್ಡಪ್ಪ ಹಮಾಲಿ. ಮಗ ರವಿಚಂದ್ರ ಟೈರ್ ಅಂಗಡಿಯಲ್ಲಿದ್ದಾನೆ. ಅವಳಿಗೆ ಕಿವಿಯಲ್ಲಿ ಯಾರೋ ಬೈಯುವುದು ಕೇಳಿಸುತ್ತಿತ್ತು. ಬೈಗುಳ ತಾಳಲಾರದೆ ಒಂದು ಸಲ ಭದ್ರಾ ನಾಲೆಗೆ ಹಾರಿದ್ದಳು. ನಮ್ಮಲ್ಲಿಗೆ ಬಂದು ಹಲವು ವರ್ಷ ಇದ್ದಳು. ಆ ದನಿ ಮೊದಲು ಸಣ್ಣದಾಯಿತು, ಆಮೇಲೆ ನಿಂತೇ ಹೋಯಿತು. ಆದರೆ ಅವಳು ಇಲ್ಲಿದ್ದಾಗಲೇ ಅವಳ ಅಣ್ಣ ತೀರಿಕೊಂಡ, ಅತ್ತಿಗೆ ಮನೆ ಮಾರಿ ಎಲ್ಲಿಗೋ ಹೋದಳು. ತವರು ಎನ್ನುವುದು ಅಲ್ಲಿಗೆ ಮುಗಿಯಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರೆ. ಬುದ್ಧಿ ಕೆಟ್ಟಳು ಎಂದರೆ ಅವಳು ಎರಡೂ ಕುಲಕ್ಕೆ ಹೊರಗು. ಆದರೂ ಹೋದ ವರ್ಷ ಬೇಸಿಗೆಯಲ್ಲಿ ಗಿಡ್ಡಪ್ಪನೂ ಮಗನೂ ಬಂದು ಅವಳನ್ನು ಕರೆದುಕೊಂಡು ಹೋದರು. ಉಡಿ ತುಂಬಿ ನಾನು ‘ಹೋಗಿ ಬಾರವ್ವ’ ಎಂದೆ. ಅವಳು ನನ್ನ ಕಾಲು ಮುಟ್ಟಿ, ಕಣ್ಣು ತುಂಬಿಕೊಂಡು, ‘ಬರ್ತೀನ್ರಿ ಅಕ್ಕೋರೆ’ ಎಂದಳು.

ಈ ವರ್ಷ ನಾಗರ ಪಂಚಮಿಯ ಹಿಂದಿನ ದಿನ ನಾನು ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸುತ್ತಿದ್ದೆ. ಅದೂ ಪ್ರತಿ ವರ್ಷದ ಜಗಳ. ನಮ್ಮಂಥ ಜಾಗದಲ್ಲಿ ಹಗ್ಗ ಒಳಗೆ ಬರುವಂತಿಲ್ಲ, ಯಾಕೆ ಎಂದು ಬಿಡಿಸಿ ಹೇಳಬೇಕಿಲ್ಲ. ನಾನು ಮರದ ಬುಡ ಬಿಟ್ಟು ಕದಲುವುದಿಲ್ಲ, ಸಂಜೆ ನನ್ನ ಕೈಯಾರೆ ಬಿಚ್ಚಿ ಆಫೀಸಿಗೆ ಒಪ್ಪಿಸುತ್ತೇನೆ ಎಂದು ಮಾತು ಕೊಟ್ಟ ಮೇಲೆಯೇ ಆಡಳಿತಾಧಿಕಾರಿ ಬಕ್ಕೇಶಪ್ಪನವರು ಕಪಾಟಿನ ಬೀಗ ತೆಗೆಯುತ್ತಾರೆ. ಪಂಚಮಿಯಲ್ಲಿ ಹೆಣ್ಣುಮಕ್ಕಳಿಗೆ ಜೋಕಾಲಿ ಇಲ್ಲ ಎಂದರೆ ಅದೆಂಥ ಹಬ್ಬ? ಗಂಟು ಬಿಗಿಯುತ್ತಿದ್ದಾಗ ಇಮಾಂಬೀ ಓಡಿ ಬಂದಳು.

‘ಅಕ್ಕಾ, ದುರುಗವ್ವ ಬಂದಾಳೆ. ಒಬ್ಬಳೇ ಬಂದಾಳೆ.’

ಇಮಾಂಬೀಯನ್ನು ಮರದ ಬುಡದಲ್ಲಿ ಕಾವಲು ನಿಲ್ಲಿಸಿ ಹೋದೆ. ದುರುಗವ್ವ ಗೇಟಿನ ಹೊರಗೆ ನಿಂತಿದ್ದಳು. ಹಸಿರು ಸೀರೆ, ಕೈತುಂಬ ಬಳೆ, ತಲೆಗೆ ಎಣ್ಣೆ ಹಚ್ಚಿ ಬಾಚಿ ಹೂ ಮುಡಿದಿದ್ದಳು. ಕೈಯಲ್ಲೊಂದು ಬಟ್ಟೆಯ ಚೀಲ, ಅದರ ಬಾಯಲ್ಲಿ ಶೇಂಗಾ ಉಂಡೆಯ ಡಬ್ಬಿ ಕಾಣುತ್ತಿತ್ತು. ನನ್ನನ್ನು ಕಂಡು ನಕ್ಕಳು. ಮೈ ಹುಷಾರಿಲ್ಲವೇ, ಮಾತ್ರೆ ಮುಗಿದಿವೆಯೇ ಎಂದು ಕೇಳಿದೆ. ಎರಡೂ ಅಲ್ಲವೆಂದು ತಲೆಯಾಡಿಸಿದಳು. ‘ಹಬ್ಬ ಅಲ್ಲೇನ್ರಿ’ ಎಂದಳು, ಅಷ್ಟೇ. ನಾನು ನೆರಳಲ್ಲಿ ಕೂರಿಸಿ ನೀರು ಕೊಟ್ಟೆ. ಬಂದದ್ದಕ್ಕೆ ನನಗೂ ಖುಷಿಯಾಯಿತು. ಬೇರೇನೂ ನನ್ನ ತಲೆಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಆಫೀಸಿನ ಫೋನಿಗೆ ರವಿಚಂದ್ರ ಕರೆ ಮಾಡಿದ್ದ. ತಾಯಿ ಇಲ್ಲೇ ಇದ್ದಾಳೆಂದು ತಿಳಿದದ್ದೇ ತಡ, ತಂದೆಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದುಬಿಟ್ಟ. ಎಲ್ಲರೂ ಡಾಕ್ಟರ್ ಅಂಕಿತಾ ಅವರ ಕೋಣೆಯಲ್ಲಿ ಸೇರಿದೆವು. ಈ ಡಾಕ್ಟರು ನಮ್ಮಲ್ಲಿಗೆ ಹೊಸಬರು. ವಯಸ್ಸು ಚಿಕ್ಕದು, ಆದರೆ ಎದುರಿನವರ ಮಾತು ಪೂರ್ತಿ ಕೇಳುವ ಗುಣ ಇದೆ.

ರವಿಚಂದ್ರನ ಅಂಗಿ ಬೆವರಿನಿಂದ ತೊಯ್ದು ಹೋಗಿತ್ತು. ‘ಮತ್ತೆ ಶುರುವಾಗೈತೆ ಡಾಕ್ಟ್ರೆ. ಬೆಳಿಗ್ಗೆ ಸುಧಾ ಹತ್ರ, ನನ್ನ ಹೆಂಡ್ತಿ ಹತ್ರ, ತವರಿಗೆ ಹೋಗಿ ಬರ್ತೀನಿ ಅಂದು ಹೊಂಟಾಳೆ. ಎಲ್ಲೈತ್ರಿ ತವರು? ಮಾವ ಸತ್ತು ಎಷ್ಟು ವರ್ಷಾತು, ಮನೆ ಮಾರ್ಯಾರೆ. ಬಸ್‌ಸ್ಟ್ಯಾಂಡ್ ಹುಡುಕಿದೆ, ರೈಲ್ವೆ ಸ್ಟೇಷನ್ ಹುಡುಕಿದೆ. ಕಡೀಗೆ ನಾಲೆ ದಂಡಿಗುಂಟ ನೋಡ್ಕಂತ ಹೋದೆ...’ ಮುಖ ಒರೆಸಿಕೊಂಡು ಮತ್ತೆ ಹೇಳಿದ. ‘ಹೋದ ವರ್ಷನೂ ಹಿಂಗೇ ಆಗಿತ್ತು. ಶ್ರಾವಣದಾಗೆ ಚೀಲ ಕಟ್ಟಿಟ್ಟುಕೊಂಡು ಬಾಗಿಲಾಗೆ ಕೂತುಬಿಟ್ಟಿದ್ಲು. ಯಾರನ್ನೋ ಕಾಯ್ತಾಳೆ, ಯಾರು ಅಂದ್ರೆ ಹೇಳಂಗಿಲ್ಲ. ನನ್ನ ಕೈಲಿ ಆಗಲ್ರಿ. ಸೇರಿಸ್ಕಳ್ರಿ.’

‘ಬೆಡ್ ಖಾಲಿ ಐತೆ,’ ಎಂದರು ಬಕ್ಕೇಶಪ್ಪ. ‘ಮನೆಯವರೇ ಕೇಳ್ತಿದ್ದಾರೆ, ಡಾಕ್ಟರು ಹೂಂ ಅಂದ್ರೆ ಇವತ್ತೇ ರೀಅಡ್ಮಿಶನ್ ಮಾಡಬಹುದು.’

ದುರುಗವ್ವ ಚೀಲವನ್ನು ಎದೆಗೆ ಅವುಚಿಕೊಂಡಳು. ಅಡ್ಮಿಶನ್ ಎಂಬ ಪದ ಅವಳಿಗೆ ಚೆನ್ನಾಗಿ ಗೊತ್ತು. ಹೂಂ ಅಂದರೆ ಬಳೆ ತೆಗೆಸುತ್ತಾರೆ, ಹಸಿರು ಸೀರೆ ಮಡಿಚಿ ಕಪಾಟಿಗೆ ಹಾಕುತ್ತಾರೆ, ಆಮೇಲೆ ಮನೆಯ ಮುಖ ನೋಡುವುದು ಎಷ್ಟು ವರ್ಷಕ್ಕೋ. ಎರಡನೇ ಸಲ ಸೇರಿದವರನ್ನು ಮನೆಯವರು ಕರೆದೊಯ್ಯುವುದು ಕಡಿಮೆ. ಇದನ್ನು ನಾನು ಕಣ್ಣಾರೆ ಕಂಡವಳು.

ಡಾಕ್ಟರು ಅವಳ ಕಡೆ ಕುರ್ಚಿ ತಿರುಗಿಸಿದರು. ‘ದುರುಗವ್ವ, ಇದು ಯಾವ ಜಾಗ?’

‘ಆಸ್ಪತ್ರಿ ಅಲ್ಲೇನ್ರಿ,’ ಎಂದಳು, ಇದೇನು ಕೇಳುತ್ತೀರಿ ಅನ್ನುವ ಹಾಗೆ.

‘ಮತ್ತೆ ತವರಿಗೆ ಹೋಗ್ತೀನಿ ಅಂದ್ರಂತೆ?’

‘ಹೌದ್ರಿ. ಆಸ್ಪತ್ರೀನೂ ಹೌದು, ತವರೂ ಹೌದು. ನನಗೆ ಉಡಿ ತುಂಬಿದ್ದು ಇಲ್ಲೇ ಅಲ್ಲೇನ್ರಿ? ಹೋಗಿ ಬಾರವ್ವ ಅಂದಿದ್ದು ಈ ಅಕ್ಕೋರೇ ಅಲ್ಲೇನ್ರಿ?’ ಅವಳು ನನ್ನನ್ನು ತೋರಿಸಿದಳು. ‘ಹೋದ ವರ್ಷ ಪಂಚಮಿಗೆ ಕರಿಯಾಕೆ ಬರ್ತಾರೆ ಅಂತ ಕಾದೆ. ಕಳಿಸಿ ಭಾಳ ದಿನ ಆಗಿಲ್ಲ, ಹಬ್ಬಕ್ಕೆ ಕರೀದೇ ಇರ್ತಾರಾ ಅಂದ್ಕಂಡೆ. ಯಾರೂ ಬರ್ಲಿಲ್ಲ. ಯಾರ ದಾರಿ ನೋಡ್ತಿ ಅಂತ ಮಗ ಕೇಳಿದ. ಆಸ್ಪತ್ರಿಯೋರು ಅಂದ್ರೆ ನಗ್ತಾರೆ ಅಂತ ಸುಮ್ಕಿದ್ದೆ. ಅಕ್ಕೋರಿಗೆ ಕೆಲಸ ಇರ್ತಾವೆ, ಪಾಪ. ಅದಕ್ಕೇ ಈ ವರ್ಷ ನಾನೇ ಬಂದೆ.’

ಅಯ್ಯೋ ಶಿವನೇ! ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಪಂಚಮಿಗೆ ಮಗಳನ್ನು ಕರೆಯಲು ತವರಿನವರು ಹೋಗಬೇಕು ಎಂಬುದು ನಮ್ಮ ಕಡೆ ಎಳೆಯ ಕೂಸಿಗೂ ಗೊತ್ತು. ಕರೆಯದೆ ಹೋಗುವುದು ಹೆಣ್ಣಿಗೆ ಅವಮಾನ. ಅವಳು ಆ ಅವಮಾನವನ್ನೂ ನುಂಗಿ, ಉಂಡೆ ಕಟ್ಟಿಕೊಂಡು ಬಂದಿದ್ದಾಳೆ. ತಾಯಿಯ ಹಾಗೆ ಉಡಿ ತುಂಬಿದ ನಾನು ಆ ಅಕ್ಕಿಯ ಜೊತೆ ಬರುವ ಋಣವನ್ನು ಮಾತ್ರ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

‘ಅದಕ್ಕೇ ನಾನು ಮೊದಲಿಂದ ಬ್ಯಾಡ ಅಂತಿದ್ದೆ,’ ಎಂದರು ಬಕ್ಕೇಶಪ್ಪ. ‘ಪೇಷಂಟ್‌ಗಳಿಗೆ ಇಲ್ಲದ ಆಸೆ ಹುಟ್ಟಿಸೋದು. ನಾಳೆಯಿಂದ ಈ ಉಡಿಗಿಡಿ ಎಲ್ಲ ಬಂದ್.’

‘ಬಂದ್ ಮಾಡ್ರಿ,’ ಎಂದೆ. ‘ನನ್ನನ್ನೂ ಬಂದ್ ಮಾಡ್ರಿ. ಆದ್ರೆ ಈಕೆಗೆ ಬುದ್ಧಿ ಕೆಟ್ಟೈತೆ ಅಂತ ಮಾತ್ರ ಬರೀಬ್ಯಾಡ್ರಿ. ಇಡೀ ಕೋಣ್ಯಾಗೆ ಪದ್ಧತಿ ಸರಿಯಾಗಿ ತಿಳಿದೋಳು ಈಕೆ ಒಬ್ಬಾಕೆನೇ. ತಪ್ಪಿದ್ದು ನಾನು.’

ಡಾಕ್ಟರು ಸ್ವಲ್ಪ ಹೊತ್ತು ದುರುಗವ್ವನ ಜೊತೆ ಮಾತಾಡಿದರು. ದನಿ ಕೇಳಿಸುತ್ತದೆಯೇ, ನಿದ್ದೆ ಬರುತ್ತದೆಯೇ, ಮಾತ್ರೆ ಎಲ್ಲಿ ಎಂದು. ಅವಳು ಚೀಲದಿಂದ ಮಾತ್ರೆ ತೆಗೆದು ತೋರಿಸಿದಳು. ಹಬ್ಬ ಮುಗಿಯುವವರೆಗೆ ಬೇಕಾಗುವಷ್ಟನ್ನು ಅದರಲ್ಲಿದ್ದ ಇನ್ನೊಂದು ಸೀರೆಯ ಮಡಿಕೆಯಲ್ಲಿ ಇಟ್ಟು ತಂದಿದ್ದಳು. ಡಾಕ್ಟರು ಪೆನ್ನಿನ ಕ್ಯಾಪು ಹಾಕಿದರು. ‘ಇವರನ್ನು ಸೇರಿಸಿಕೊಳ್ಳೋಕೆ ಕಾರಣ ಇಲ್ಲ. ಮನೆಗೆ ಕರ್ಕೊಂಡು ಹೋಗಿ.’

ರವಿಚಂದ್ರ ಏಳಲಿಲ್ಲ. ‘ಕರ್ಕಂಡು ಹೋಗ್ತೀನಿ. ನಾಳೆ ಮತ್ತೆ ಹೇಳದೇ ಕೇಳದೇ ಹೊಂಟ್ರೆ? ಪ್ರತಿ ಸಲ ನಾಲೆ ನೋಡ್ಕಂತ ತಿರುಗಾಕೆ ನನ್ನ ಕೈಲಿ ಆಗಲ್ರಿ. ನನಗೂ ಹೆಂಡ್ತಿ ಮಕ್ಕಳು ಅದಾರೆ.’ ಅವನು ಕೆಟ್ಟವನಲ್ಲ. ಹೆದರಿದ್ದ. ಹೆದರಿದವರಿಗೆ ಬುದ್ಧಿ ಹೇಳಲು ನನಗೆ ಯಾವ ಮುಖ ಇತ್ತು?

ಆವರೆಗೂ ಗೋಡೆಗೆ ಒರಗಿ ನಿಂತಿದ್ದ ಗಿಡ್ಡಪ್ಪ ತಲೆಯ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ‘ನಾವು ಯಾಕ ಕರಕಂಡು ಹೋಗಬೇಕಲೇ?’ ಎಂದ.

ದುರುಗವ್ವ ಗಂಡನ ಮುಖವನ್ನೇ ನೋಡುತ್ತಿದ್ದಳು.

‘ಹಬ್ಬಕ್ಕೆ ಬಂದಾಳೆ. ಹಬ್ಬ ಮಾಡಲಿ,’ ಎಂದ ಗಿಡ್ಡಪ್ಪ ನಿಧಾನವಾಗಿ. ‘ಹಬ್ಬ ಆದ ಮ್ಯಾಲೆ ತವರಿನೋರು ತಂದು ಬಿಡಬೇಕು. ಅದು ಪದ್ಧತಿ.’ ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದ. ‘ಹೆಂಗ್ರಿ ಅಕ್ಕೋರೆ, ಕಳಿಸಿಕೊಡಾಕೆ ನೀವೇ ಬರ್ತೀರಲ್ಲ?’

ಬರುತ್ತೇನೆ ಎಂದು ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತ್ತು.

ಸೇರಿಸಿಕೊಳ್ಳದವರನ್ನು ಕೇಂದ್ರದಲ್ಲಿ ಉಳಿಸಿಕೊಳ್ಳಲು ರೂಲ್ಸ್ ಇಲ್ಲ ಎಂದು ಬಕ್ಕೇಶಪ್ಪ ಹೇಳಿದರು. ರೂಲ್ಸ್ ನಿಮ್ಮ ಹತ್ತಿರವೇ ಇರಲಿ ಎಂದು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನನ್ನ ಮನೆಗೇ ಕರೆದೊಯ್ದೆ. ಹೊರಡುವ ಮುಂಚೆ ನಾನು ಜೋಕಾಲಿಯ ಹಗ್ಗ ಬಿಚ್ಚಿ ಆಫೀಸಿಗೆ ಒಪ್ಪಿಸಿದೆ. ದುರುಗವ್ವ ತಾನು ತಂದ ಉಂಡೆಯನ್ನು ಎಲ್ಲರಿಗೂ ಹಂಚಿದಳು, ಬಕ್ಕೇಶಪ್ಪನವರಿಗೂ ಒಂದು ಕೊಟ್ಟಳು. ಅವರು ಬೇಡ ಅನ್ನಲಿಲ್ಲ. ಮನೆಯಲ್ಲಿ ನನ್ನ ತಂಗಿ ಮೊದಲು ಮೂತಿ ತಿರುವಿದಳು. ಪಂಚಮಿಯ ದಿನ ಅವರಿಬ್ಬರೂ ಕೂಡಿ ನಾಗಪ್ಪನಿಗೆ ಹಾಲೆರೆದು ಬಂದ ಮೇಲೆ ಅವಳೇ ದುರುಗವ್ವನ ಪಕ್ಕ ಕೂತು ಸೊಸೆಯಂದಿರ ಸುದ್ದಿ ತೆಗೆದಳು. ಆ ಸುದ್ದಿ ಬೇಗ ಮುಗಿಯುವಂಥದ್ದಲ್ಲ.

ಹಬ್ಬದ ಮರುದಿನ, ಅಂದರೆ ಇವತ್ತು, ಅವಳನ್ನು ಕರೆದುಕೊಂಡು ದೇವರಾಜ ಅರಸು ಬಡಾವಣೆಯ ಅವಳ ಮನೆಗೆ ಹೋದೆ. ಹೊಸ ಕುಪ್ಪಸದ ಕಣ, ಹಣ್ಣು, ಹೂ ತೆಗೆದುಕೊಂಡಿದ್ದೆ. ಸೊಸೆ ಸುಧಾ ಬಾಗಿಲಲ್ಲಿ ನಮ್ಮನ್ನು ನೋಡಿ ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಒಳಗೆ ಹೋಗಿ ಚೊಂಬಿನಲ್ಲಿ ಕಾಲಿಗೆ ನೀರು ತಂದಳು. ಆಸ್ಪತ್ರೆಯ ಮೇಡಂ ಬಂದರೆ ಕುರ್ಚಿ ಹಾಕುತ್ತಾರೆ, ಕಾಲಿಗೆ ನೀರು ಕೊಡುವುದಿಲ್ಲ. ಅದು ಬೀಗರಿಗೆ. ನಾನು ಕಾಲು ತೊಳೆದುಕೊಂಡು ಒಳಗೆ ಹೋಗಿ ಚಾಪೆಯ ಮೇಲೆ ಕೂತೆ. ರವಿಚಂದ್ರ ಅಂಗಡಿಗೆ ಹೋಗದೆ ಕಾದಿದ್ದ.

‘ಮುಂದಿನ ವರ್ಷ ಕರಿಯಾಕೆ ನಾನೇ ಬರ್ತೀನಪ್ಪ,’ ಎಂದು ಅವನಿಗೆ ಹೇಳಿದೆ. ‘ನಿಮ್ಮವ್ವ ಒಬ್ಬಳೇ ಹೊಂಡಂಗಿಲ್ಲ.’

‘ಆತು ಬರ್ರಿ,’ ಎಂದ. ಅವನ ಮುಖದಲ್ಲಿ ಎಷ್ಟೋ ದಿನದ ಬಿಗಿ ಸಡಿಲವಾದದ್ದು ಕಂಡಿತು.

ಊಟ ಮಾಡಿಸಿಯೇ ಬಿಟ್ಟರು. ಹೊರಡುವಾಗ ದುರುಗವ್ವ ರಸ್ತೆಯ ತಿರುವಿನವರೆಗೂ ನನ್ನ ಜೊತೆ ಬಂದಳು. ಇದ್ದಕ್ಕಿದ್ದಂತೆ ಕೇಳಿದಳು: ‘ಅಕ್ಕೋರೆ, ಮರುಳಸಿದ್ದಮ್ಮನ್ನ ಕರಿಯಾಕೆ ಯಾರು ಹೋಗಿದ್ರು?’

‘ಯಾವ ಮರುಳಸಿದ್ದಮ್ಮ?’

‘ನನ್ನ ಮಗ್ಗುಲ ಮಂಚದಾಕೆ. ನನಗಿಂತ ಮುಂಚೆ ಹೋದಳಲ್ರಿ, ಕೆ.ಬಿ. ಬಡಾವಣ್ಯಾಗೆ ಅವ್ರ ಮನೆ. ಆಕಿಗೂ ತವರಿಲ್ಲ. ಆಕಿಗೂ ನೀವೇ ಉಡಿ ತುಂಬಿದ್ರಿ.’

ನನಗೆ ನೆನಪಾಯಿತು. ಚಂದದ ಮಾಲೆ ಕಟ್ಟುತ್ತಿದ್ದವಳು, ಮಾತು ಕಡಿಮೆ. ‘ಯಾರೂ ಹೋಗಿಲ್ಲವ್ವ’ ಎಂದೆ. ದುರುಗವ್ವ ನನ್ನನ್ನು ಬೈಯಲಿಲ್ಲ. ‘ಹೋಗಿ ಬರ್ರಿ’ ಎಂದಳು.

ಮನೆಗೆ ಹೋಗುವ ಬದಲು ಆಟೋ ಹಿಡಿದು ಕೆ.ಬಿ. ಬಡಾವಣೆಗೆ ಹೋದೆ. ಹೂ ಹಣ್ಣು ದಾರಿಯಲ್ಲಿ ಮತ್ತೆ ಕೊಂಡೆ. ಎಷ್ಟು ಜನರ ಉಡಿ ತುಂಬಿದ್ದೇನೆ ಎಂದು ಆಟೋದಲ್ಲಿ ಕೂತು ನೆನೆಸಿಕೊಳ್ಳಲು ಹೋದೆ. ಒಬ್ಬೊಬ್ಬರೇ ಸೆರಗು ಒಡ್ಡಿಕೊಂಡು ಕಣ್ಣ ಮುಂದೆ ಬರತೊಡಗಿದರು. ಸಾಕಪ್ಪಾ ಎಂದು ನಿಲ್ಲಿಸಿಬಿಟ್ಟೆ.

ಮನೆ ದೊಡ್ಡದು, ವ್ಯಾಪಾರಸ್ಥರದು. ಮರುಳಸಿದ್ದಮ್ಮನ ವಾರಗಿತ್ತಿ ಬಾಗಿಲು ತೆಗೆದಳು.

‘ಮರುಳಸಿದ್ದಮ್ಮನ್ನ ನೋಡಬೇಕಿತ್ರಿ,’ ಎಂದೆ. ‘ಹಬ್ಬಕ್ಕೆ ಕರಿಯಾಕೆ ಬಂದೀನಿ. ತಡ ಆತು.’

‘ಎಲ್ಲಿಂದ ಬಂದ್ರಿ?’

‘ತವರಿಂದ.’

ಆಕೆ ನನ್ನ ಕೈಯ ಹೂವನ್ನು, ಮುಖವನ್ನು ನೋಡಿದಳು. ಗುರುತು ಸಿಕ್ಕಿತು. ‘ಹರಿಹರದ ಮೇಡಮ್ಮೋರಲ್ಲೇನ್ರಿ ನೀವು? ಬರ್ರಿ, ಕೂಡ್ರಿ.’ ನಾನು ಕೂರಲಿಲ್ಲ. ಆಕೆಯೂ ನಿಂತೇ ಹೇಳಿದಳು. ‘ನಮ್ಮಕ್ಕ ಇಲ್ಲಿಲ್ರಿ. ಹೋದ ವರ್ಷ ಶ್ರಾವಣದಾಗೆ ಚಿತ್ರದುರ್ಗದ ಕಡೆ ಒಂದು ಕೇಂದ್ರಕ್ಕೆ ಸೇರಿಸಿದ್ವಿ. ಬಂದಾಗಿಂದ ಚೆನ್ನಾಗೇ ಇದ್ಲು, ಅಡಿಗಿ ಮಾಡ್ತಿದ್ಲು, ಮಾತ್ರೆ ತಾನೇ ತಗಂತಿದ್ಲು. ಪಂಚಮಿ ಬಂತು ನೋಡ್ರಿ, ಚೀಲ ಕಟ್ಟಿಕೊಂಡು ಬಾಗಿಲಾಗೆ ಕೂತ್ಲು. ಉಣ್ಣಾಕೆ ಕರೆದ್ರೂ ಏಳ್ಲಿಲ್ಲ. ಕರಿಯಾಕೆ ಬರ್ತಾರೆ ಅನ್ನೋದೊಂದೇ ಮಾತು. ಹಬ್ಬ ಮುಗಿದ ಮ್ಯಾಲೂ ಅಲ್ಲೇ. ಆಕೀಗೆ ಯಾರೂ ಇಲ್ಲ ಅಂತ ನಮಗೆ ಗೊತ್ತಲ್ರಿ, ಮತ್ತೆ ಬ್ಯಾನಿ ಬಂತು ಅಂದ್ಕಂಡ್ವಿ.’

ಆಮೇಲೆ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯದೆ ಕೇಳುವವಳ ಹಾಗೆ ಕೇಳಿದಳು:

‘ಹೋದ ವರ್ಷ ಬರಬಾರದಾಗಿತ್ತೇನ್ರಿ?’

ಆ ಕೇಂದ್ರ ಎಲ್ಲಿದೆ, ಯಾವ ಬಸ್ಸಿಗೆ ಹೋಗಬೇಕು ಎಂದು ಮಾತ್ರ ಕೇಳಿಕೊಂಡು ಬಂದೆ. ಬೆಳಿಗ್ಗೆ ಹೋಗುತ್ತೇನೆ. ಮರುಳಸಿದ್ದಮ್ಮನ ಎದುರು ನಿಂತು ಏನು ಹೇಳಬೇಕೋ ನನಗೆ ಇನ್ನೂ ತಿಳಿದಿಲ್ಲ.